ಮೂರು ವಾರದ ಪಾಠ

ಬಡಾವಣೆಯವರು ಅವರನ್ನು ಕರೆಯುವುದು ನಾಯಿ ಮೇಷ್ಟ್ರು ಎಂದೇ. ಇಪ್ಪತ್ತಾರು ವರ್ಷಗಳಿಂದ ಮನೆಯ ಹಿತ್ತಲಿನಲ್ಲಿ ಜನರ ನಾಯಿಗಳನ್ನು ಪಳಗಿಸುತ್ತಿದ್ದಾರೆ. ಕೋಲು ಹಿಡಿದವರಲ್ಲ. ಬಲಜೇಬಿನಲ್ಲಿ ಮುರಿದ ಬಿಸ್ಕತ್ತು, ಅಷ್ಟೇ. ನಾಯಿ ಸುಮ್ಮಸುಮ್ಮನೆ ಬೊಗಳುತ್ತದೆ ಎಂದು ದೂರು ತಂದವರಿಗೆ ಹೇಳುವುದು ಒಂದೇ ಮಾತು: "ಬೊಗಳೋವಾಗ ತಿರುಗಿಯೂ ನೋಡಬೇಡಿ. ಬಾಯಿ ಮುಚ್ಚಿದ ಮೇಲೆ ಹೋಗಿ ತಲೆ ಸವರಿ. ಮೂರು ವಾರ ಸಾಕು."

ಮನೆಯಲ್ಲಿರುವುದು ಅವರು ಮತ್ತು ಅಕ್ಕ. ಹೊಲಿಗೆ ಯಂತ್ರ ತುಳಿದು ತಮ್ಮನನ್ನು ಸಾಕಿದವರು. ಆ ಮಂಡಿಗಳೇ ಈಗ ಕೈಕೊಟ್ಟಿವೆ. ಮಂಚದಿಂದಲೇ ದಿನಕ್ಕೆ ನಲವತ್ತು ಸಲ ಕೂಗುತ್ತಿದ್ದರು. ಕನ್ನಡಕ ಎಲ್ಲಿ, ಕಿಟಕಿ ಹಾಕು, ಗೇಟಿನ ಹತ್ತಿರ ಯಾರು.

ಒಂದು ದಿನ ಮೇಷ್ಟ್ರು ಕೂಗಿಗೆ ಹೋಗುವುದನ್ನು ನಿಲ್ಲಿಸಿದರು. ಕೂಗು ನಿಂತು ಐದು ನಿಮಿಷವಾದ ಮೇಲೆ ಕಾಫಿ ಹಿಡಿದು ಒಳಗೆ ಹೋಗಿ, ಪಕ್ಕದಲ್ಲಿ ಕೂತು ಮಾತಾಡುವರು. ಅಕ್ಕನಿಗೆ ಏನೂ ಹೇಳಲಿಲ್ಲ. ನಾಯಿಗೂ ಹೇಳುವ ಪದ್ಧತಿ ಇಲ್ಲ.

"ಕಿವಿಗೆ ಹತ್ತಿ ಇಟ್ಕೊಂಡಿದ್ದೀಯೇನೋ?" ಎಂದು ಅಕ್ಕ ಮೊದಲ ವಾರ ಬೈದರು. ಎರಡನೆಯ ವಾರ, "ನಾಯಿಯಾಗಿ ಹುಟ್ಟಿದ್ರೆ ಬಿಸ್ಕತ್ತಾದ್ರೂ ಸಿಗ್ತಿತ್ತು" ಎಂದರು. ಮೂರನೆಯ ವಾರ ಮನೆ ತಣ್ಣಗಾಯಿತು. "ನಮ್ಮನೇಲೂ ಒಂದು ಕೇಸು ಸರಿಹೋಯ್ತು" ಎಂದು ಮೇಷ್ಟ್ರು ಗಿರಾಕಿಯ ಮುಂದೆ ನಕ್ಕರು.

ಮುಂದಿನ ಮಂಗಳವಾರ ಬೆಳಗ್ಗೆ ಹತ್ತಕ್ಕೆ, ಗೋಡೆ ಹಿಡಿದು ಒಬ್ಬರೇ ಹೋದ ಅಕ್ಕ ಬಚ್ಚಲಲ್ಲಿ ಜಾರಿಬಿದ್ದರು. ಮೇಷ್ಟ್ರು ಇಪ್ಪತ್ತು ಹೆಜ್ಜೆ ದೂರದಲ್ಲಿ ಒಂದು ಕಂದು ನಾಯಿಗೆ ಕೂರುವುದನ್ನು ಕಲಿಸುತ್ತಿದ್ದರು. ಬಚ್ಚಲ ಕಿಟಕಿ ತೆರೆದೇ ಇತ್ತು. ಹನ್ನೊಂದೂವರೆಗೆ ಕಾಫಿಗೆಂದು ಒಳಗೆ ಬಂದಾಗ, ಅಕ್ಕ ಒದ್ದೆ ನೆಲಕ್ಕೆ ಕೆನ್ನೆ ಕೊಟ್ಟು, ಕಣ್ಣು ಬಿಟ್ಟುಕೊಂಡು, ತುಟಿ ಬಿಗಿದು ಬಿದ್ದಿದ್ದರು.

"ಇಷ್ಟು ಹೊತ್ತು ಯಾಕಕ್ಕಾ ಕೂಗಲಿಲ್ಲ?"

"ಕೂಗಿದ್ರೆ ನೀನು ಬರಲ್ವಲ್ಲೋ. ಸುಮ್ಮನಿದ್ರೆ ಬರ್ತೀಯ ಅಂತ ಇದ್ದೆ."

ಆ ಮಾತಿನಲ್ಲಿ ದೂರು ಇರಲಿಲ್ಲ. ಎತ್ತಲು ಬಗ್ಗಿದಾಗ ಮೇಷ್ಟ್ರ ಜೇಬಿನ ಬಿಸ್ಕತ್ತು ಚೂರು ನೆಲಕ್ಕೆ ಉದುರಿತು.

ಸೊಂಟದ ಮೂಳೆ ಬಿರುಕು ಬಿಟ್ಟಿತ್ತು. "ಮನೆಯಲ್ಲಿ ಯಾರೂ ಇರಲಿಲ್ವಾ?" ಎಂದು ವೈದ್ಯರು ಕೇಳಿದರು. "ಇರಲಿಲ್ಲ" ಎಂದರು ಮೇಷ್ಟ್ರು. ಅಕ್ಕ ಚಾವಣಿ ನೋಡುತ್ತಿದ್ದರು.

ಅಕ್ಕ ಮನೆಗೆ ಮರಳಿ ಐದು ತಿಂಗಳಾಯಿತು. ಬೇಕಾದಾಗ ಬಾರಿಸಲಿ ಎಂದು ಮೇಷ್ಟ್ರು ಮಂಚದ ಪಕ್ಕ ಒಂದು ಗಂಟೆ ತೂಗುಹಾಕಿದ್ದಾರೆ. ಅಕ್ಕ ಅದಕ್ಕೆ ಕನ್ನಡಕ ಸಿಕ್ಕಿಸುತ್ತಾರೆ. ಮೇಷ್ಟ್ರು ಕಾಲು ಗಂಟೆಗೊಮ್ಮೆ ಪಾಠ ಬಿಟ್ಟು ಬಾಗಿಲಿಗೆ ಬರುತ್ತಾರೆ.

"ಏನಾದ್ರೂ ಬೇಕಿತ್ತಾ ಅಕ್ಕ?"

"ನೀರು ಬೇಕಿತ್ತು. ಹೇಗೂ ಬರ್ತೀಯಲ್ಲ."

ಅಕ್ಕ ಸುಮ್ಮನಿದ್ದಾಗಲೇ ಹೋಗಿ ಹೋಗಿ ಅದೇ ಪಾಠವನ್ನು ಇನ್ನೂ ಗಟ್ಟಿ ಮಾಡುತ್ತಿದ್ದೇನೆಂದು ಮೇಷ್ಟ್ರಿಗೆ ಗೊತ್ತು. ಆದರೆ ಕೂಗುವವರೆಗೆ ಹೋಗದೆ ಕಾಯುವ ಧೈರ್ಯ ಸಾಲದು. ನೀರು ಕೊಟ್ಟು, ಅಕ್ಕನ ಮುಖ ನೋಡದೆ ಹಿತ್ತಲಿಗೆ ಹೋಗುತ್ತಾರೆ.