ಮೊದಲು ಅಕ್ಕ, ಆಮೇಲೆ ತಮ್ಮ

ಆ ವಿಶ್ವವಿದ್ಯಾಲಯದಲ್ಲಿ ಅವಳನ್ನು ಅಕ್ಕ ಎನ್ನದವರೇ ಇರಲಿಲ್ಲ. ಒಡಹುಟ್ಟಿದ ತಮ್ಮ ಕರೆದರೆ ಸರಿ, ತರಗತಿಯ ಹುಡುಗ ಹುಡುಗಿಯರೂ ಅಕ್ಕ ಎಂದರು. ಗೇಟಿನ ಕಾವಲುಗಾರ, ವಯಸ್ಸಿನಲ್ಲಿ ಅವಳ ಅಜ್ಜನಂತಿದ್ದವನು, ಅವನೂ ಅಂದ. ಕೊನೆಗೆ ಭೂವಿಜ್ಞಾನದ ಮೇಷ್ಟ್ರೇ ಪಾಠದ ನಡುವೆ, “ಅಕ್ಕಾ, ಆ ಕಿಟಕಿ ಸ್ವಲ್ಪ ಹಾಕಮ್ಮ” ಎಂದುಬಿಟ್ಟರು. ಇಪ್ಪತ್ತೆರಡು ದಾಟದ ಹುಡುಗಿ ಇಡೀ ಕಟ್ಟಡಕ್ಕೆ ಅಕ್ಕನಾಗುವುದೆಂದರೆ ಸಣ್ಣ ಗೌರವವೇ? ಹಾಗಂತ ಎಲ್ಲರೂ ಹೇಳುತ್ತಿದ್ದರು. ಅವಳನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಅಸಲಿಗೆ ಅಕ್ಕ ಅಲ್ಲಿಗೆ ಓದಲು ಬಂದವಳೇ ಅಲ್ಲ. ಕಲ್ಲು, ಮಣ್ಣು, ಭೂಪದರ, ಇವೆಲ್ಲ ತಮ್ಮನ ಹುಚ್ಚು. ಅವಳ ಹುಚ್ಚು ಹಲ್ಲು. ಶಾಲೆ ಮುಗಿಸಿದವಳೇ ಅವಳು ಕಟ್ಟುಹಲ್ಲು ತಯಾರಿಸುವ ಒಂದು ಸಣ್ಣ ಲ್ಯಾಬಿಗೆ ಕೆಲಸ ಕಲಿಯಲು ಸೇರಿದ್ದಳು. ದಂತವೈದ್ಯರು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಹುಯ್ಯುವುದು, ಅದು ಗಟ್ಟಿಯಾದ ಮೇಲೆ ಪುಟ್ಟ ದೀಪದ ಉರಿಗೆ ಚೂರಿಯ ತುದಿ ಹಿಡಿದು ಮೇಣ ಕರಗಿಸಿ, ಖಾಲಿ ಬಿದ್ದ ಜಾಗದಲ್ಲಿ ತೊಟ್ಟು ತೊಟ್ಟಾಗಿ ಒಂದು ಹಲ್ಲು ಎಬ್ಬಿಸುವುದು. ಎಬ್ಬಿಸಿದ ಹಲ್ಲು ಪಕ್ಕದ ಹಲ್ಲಿನ ಒಡಹುಟ್ಟಿನಂತೆ ಕಾಣಬೇಕು, ಆದರೆ ಅದರ ನಕಲಿನಂತೆ ಕಾಣಬಾರದು. ಲ್ಯಾಬಿನ ಯಜಮಾನ ಬಾಯಿ ತೆರೆದರೆ ಬೈಗುಳವೇ. ಅಂಥವನೂ ಒಂದು ದಿನ ಅವಳ ಮೇಣದ ಹಲ್ಲನ್ನು ಬೆಳಕಿಗೆ ಹಿಡಿದು, “ಇವಳ ಕೈಯಲ್ಲಿ ಹಲ್ಲು ಹುಟ್ಟುತ್ತೆ ಕಣ್ರೋ” ಎಂದಿದ್ದ. ಆ ಮಾತನ್ನು ಅವಳು ಎಷ್ಟೋ ದಿನ ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದ್ದಳು.

ಅಷ್ಟರಲ್ಲಿ ತಮ್ಮನಿಗೆ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು.

ತಮ್ಮನಿಗೆ ಆಟಿಸಂ. ಗದ್ದಲ ಅವನಿಗೆ ಬರೀ ಕಿವಿಗಲ್ಲ, ಮೈಗೆಲ್ಲ ಕೇಳಿಸುತ್ತಿತ್ತು. ಹೇಳಿದ ಮಾತನ್ನು ಹೇಳಿದ ಹಾಗೆಯೇ ಹಿಡಿಯುವವನು; ಸುಳ್ಳು ಅವನ ನಾಲಿಗೆಗೆ ಹತ್ತುತ್ತಲೇ ಇರಲಿಲ್ಲ. ಶಾಲೆಯಿಡೀ ಅಮ್ಮ ಅವನ ಜೊತೆ ಹೋಗಿ, ತರಗತಿಯ ಹೊರಗಿನ ಬೆಂಚಿನ ಮೇಲೆ ಕೂತು ಕೂತು ತನ್ನ ಹರೆಯವನ್ನೆಲ್ಲ ಅಲ್ಲೇ ಸವೆಸಿದ್ದಳು. ಇನ್ನು ದೊಡ್ಡ ಹುಡುಗರ ನಡುವೆ ಅಮ್ಮ ಬಂದು ಕೂತರೆ ನೋಡಿದವರು ನಗುತ್ತಾರೆ. ಅಕ್ಕನೂ ಅದೇ ತರಗತಿಗೆ ಸೇರಲಿ ಎಂದು ತೀರ್ಮಾನವಾಯಿತು. ತೀರ್ಮಾನ ಮಾಡಿದವಳು ಅಮ್ಮ. ಲಿಫ್ಟ್ ರಿಪೇರಿಗೆಂದು ಊರೂರು ಅಲೆಯುವ ಅಪ್ಪ, “ನೀವೇನ್ ಮಾಡಿದ್ರೂ ಸರಿ” ಎಂದು ಫೋನಿನಲ್ಲೇ ಕೈತೊಳೆದುಕೊಂಡ.

“ಒಂದೇ ಒಂದು ವರ್ಷ ಕಣೇ,” ಎಂದಿದ್ದಳು ಅಮ್ಮ. “ಅವನು ಹೊಂದ್ಕೊಂಡ ಮೇಲೆ ನೀನು ನಿನ್ನ ಹಲ್ಲಿಗೆ ವಾಪಸ್ ಹೋಗು. ಯಾರು ಬೇಡ ಅಂತಾರೆ?”

ಆ ಒಂದು ವರ್ಷ ಮುಗಿದು ಮೇಲೆ ಇನ್ನರ್ಧ ವರ್ಷ ಆಗಿತ್ತು.

ಮೊದಲ ದಿನವೇ ತಮ್ಮ ತರಗತಿಯ ಬಾಗಿಲಲ್ಲಿ ಕಿವಿ ಮುಚ್ಚಿಕೊಂಡು ಕುಸಿದು ಕೂತಿದ್ದ. ಒಳಗೆ ಬೆಂಚು ಎಳೆಯುವ ಸದ್ದು, ಮೇಲೆ ಕಿರ್ರೆನ್ನುವ ಟ್ಯೂಬ್‌ಲೈಟು, ಹಿಂದಿನಿಂದ ನುಗ್ಗುವ ಜನ. ಅವನನ್ನು ದಾಟಿಕೊಂಡು ಹೋದರು, ಒಬ್ಬಿಬ್ಬರು ಹಾರಿಕೊಂಡೂ ಹೋದರು. ಮರುದಿನ ಅಕ್ಕ ಒಂದು ಉಪಾಯ ಮಾಡಿದಳು. “ನಾನು ಮೊದಲು ಹೋಗ್ತೀನಿ, ನೀನು ಆಮೇಲೆ ಬಾ.” ಅವಳು ಮುಂಚೆ ಒಳಗೆ ಹೋಗಿ, ಆ ದೀಪ ಆರಿಸಿ, ಬಾಗಿಲ ಹತ್ತಿರದ ಬೆಂಚಿನ ಮೇಲೆ ಚೀಲ ಇಟ್ಟು ಜಾಗ ಹಿಡಿದು, ಬಾಗಿಲಿನ ಗಾಜಿನ ಕಿಂಡಿಯಲ್ಲಿ ಕೈ ಮಾಡಿದಳು. ತಮ್ಮ ಎದ್ದು ಬಂದು ಕೂತ. ಎಲ್ಲರೂ ಬಾಯಿ ತುಂಬ ಹೊಗಳಿದರು. ಅಕ್ಕನೂ ಹಿಗ್ಗಿದಳು ಅನ್ನಿ, ಸುಳ್ಳು ಯಾಕೆ.

ಅದೇ ವಾರದ ಕೊನೆಗೆ ತಮ್ಮ ಅವಳ ಜೀವ ಬಾಯಿಗೆ ತಂದಿದ್ದ. ಅವಳು ಶೌಚಾಲಯಕ್ಕೆ ಹೋಗಿ ಬರುವಷ್ಟರಲ್ಲಿ ಆಸಾಮಿ ನಾಪತ್ತೆ. ಗ್ರಂಥಾಲಯ, ಕ್ಯಾಂಟೀನು, ಗೇಟು, ಎಲ್ಲ ಕಡೆ ಓಡಿ ಓಡಿ ಉಸಿರು ಸಿಗದೆ ತರಗತಿಗೆ ಬಂದರೆ ಅವನು ತಣ್ಣಗೆ ತನ್ನ ಬೆಂಚಿನ ಮೇಲೆ ಕೂತಿದ್ದಾನೆ! ಅಕ್ಕ ಅಲ್ಲೇ, ಅಷ್ಟೂ ಜನರ ಮುಂದೆ, ಮುಖ ಮುಚ್ಚಿಕೊಂಡು ಅತ್ತುಬಿಟ್ಟಿದ್ದಳು. “ಇನ್ಮೇಲೆ ನನಗಿಂತ ಮೊದಲು ಹೋಗ್ಬೇಡ್ವೋ” ಎಂದು ಗೋಗರೆದಿದ್ದಳು. ಅವನು ಆಗಲಿ ಎಂದಿದ್ದ.

ಅಲ್ಲಿಂದ ಅದೇ ಕಟ್ಟಳೆಯಾಯಿತು. ಮೊದಲು ಅಕ್ಕ, ಆಮೇಲೆ ತಮ್ಮ. ಒಮ್ಮೆ ಅವಳಿಗೆ ಮೈ ಸುಡುವ ಜ್ವರ ಬಂದು ಮನೆಯಲ್ಲಿ ಉಳಿದಳು. ತಮ್ಮ ಒಬ್ಬನೇ ಹೋದವನು ಮೊದಲ ಪಾಠದಿಂದ ಕೊನೆಯ ಪಾಠದವರೆಗೆ ಬಾಗಿಲ ಹೊರಗೇ ನಿಂತಿದ್ದ. ಕರೆದರೂ ಒಳಗೆ ಹೋಗಲಿಲ್ಲ, ಎಳೆದರೂ ಅಲುಗಲಿಲ್ಲ. ಕಾವಲುಗಾರ ಮನೆಗೆ ಫೋನು ಮಾಡಿದ. ಅಮ್ಮ ಬಂದು ಕರೆದುಕೊಂಡು ಹೋದಳು. ಇಲಿ ಹೋಯಿತೆಂದರೆ ಹುಲಿ ಹೋಯಿತು ಎನ್ನುವ ಜನ. ಅಕ್ಕ ಇಲ್ಲದಿದ್ದರೆ ಆ ಹುಡುಗ ಉಸಿರೇ ಆಡುವುದಿಲ್ಲ ಎಂಬಲ್ಲಿಗೆ ಮಾತು ಮುಟ್ಟಿತು. ಜ್ವರ ಬಿಟ್ಟ ದಿನ ಅಕ್ಕ ಮತ್ತೆ ಅದೇ ಬೆಂಚಿನಲ್ಲಿ ಕೂತಿದ್ದಳು. ಅಟ್ಟ ಹತ್ತಿಸಿ ಏಣಿ ತೆಗೆದರು ಎನ್ನುತ್ತಾರಲ್ಲ, ಹಾಗಾಯಿತು ಅವಳ ಸ್ಥಿತಿ. ವ್ಯತ್ಯಾಸವೆಂದರೆ ಆ ಏಣಿಯನ್ನು ಮಾಡಿದವಳೂ ಅವಳೇ.

ಪಾಠದ ಹೊತ್ತಿನಲ್ಲಿ ಅವಳು ಜನರ ಬಾಯಿ ನೋಡುತ್ತ ಕೂರುತ್ತಿದ್ದಳು. ಮೇಷ್ಟ್ರ ಮುಂದಿನ ಹಲ್ಲೊಂದು ಕಟ್ಟಿಸಿದ್ದು, ಬಣ್ಣ ಸರಿಹೊಂದಿರಲಿಲ್ಲ. ಪರೀಕ್ಷೆಗಳಲ್ಲಿ ಹಲ್ಲು ಕಚ್ಚಿಕೊಂಡು ಪಾಸಾಗುತ್ತಿದ್ದಳು. ಒಮ್ಮೆ ಮಾತ್ರ ತಮ್ಮ ಪ್ರಯೋಗಾಲಯದಲ್ಲಿ ಒಂದು ಹಸಿರು ಕಲ್ಲನ್ನು ಅವಳ ಅಂಗೈಯಲ್ಲಿಟ್ಟು, “ಹಲ್ಲಿನ ಹೊರಪದರಾನೂ ಈ ಜಾತಿಯ ಖನಿಜವೇ, ಗೊತ್ತಾ?” ಎಂದಿದ್ದ. ಆ ಕಲ್ಲನ್ನು ಅವಳು ಗಂಟೆ ಹೊಡೆಯುವವರೆಗೂ ಬಿಡಲಿಲ್ಲ.

ಲ್ಯಾಬಿಗೆ ವಾಪಸ್ ಹೋಗಲೇ ಎಂದು ಅಮ್ಮನನ್ನು ಕೇಳಬಹುದಿತ್ತು. ಕೇಳಲೂ ಹೊರಟಿದ್ದಳು. ಆದರೆ ಒಂದು ಮಧ್ಯಾಹ್ನ ಬಸ್ಸಿನ ಕಿಟಕಿಯಿಂದ ಅವಳು ಅಮ್ಮನನ್ನು ಕಂಡಳು. ತಮ್ಮ ವಿಶ್ವವಿದ್ಯಾಲಯ ಸೇರಿದ ಮೇಲೆ, ಆ ವಯಸ್ಸಿನಲ್ಲಿ, ಅಮ್ಮ ಸ್ಕೂಟರ್ ಕಲಿತಿದ್ದಳು. ಸಿಗ್ನಲ್ಲಿನಲ್ಲಿ ಒಂದು ಕಾಲು ನೆಲಕ್ಕೂರಿ ನಿಂತು, ಹಸಿರು ದೀಪಕ್ಕೆ ಕಾಯುತ್ತ ತನ್ನಷ್ಟಕ್ಕೆ ನಗುತ್ತಿದ್ದಳು. ಎಲ್ಲಿಗೂ ಹೋಗುವ ಕೆಲಸವಿರಲಿಲ್ಲ, ಸುಮ್ಮನೆ ಸುತ್ತುತ್ತಿದ್ದಳು. ತಾನು ಬೆಂಚಿನಿಂದ ಎದ್ದರೆ ಅಮ್ಮ ಮತ್ತೆ ಬಂದು ಕೂರಬೇಕು. ಕೇಳಬೇಕೆಂದಿದ್ದ ಮಾತು ಬಿಸಿತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಹೀಗಿರುವಾಗ ಲ್ಯಾಬಿನ ಯಜಮಾನನ ಫೋನು ಬಂತು. ಮೇಣದ ಕೆಲಸ ಮಾಡುತ್ತಿದ್ದವನು ಬಿಟ್ಟುಹೋಗಿದ್ದ. “ಸೋಮವಾರ ಬೆಳಿಗ್ಗೆ ಬಂದು ಕೂರೋದಾದ್ರೆ ಬಾ. ಇಲ್ಲಾಂದ್ರೆ ಬಾಯ್ಬಿಟ್ಟು ಹೇಳು, ಬೇರೆಯವರನ್ನ ಇಟ್ಕೋತೀನಿ. ನಿನಗೋಸ್ಕರ ಊರವರೆಲ್ಲ ಬೊಚ್ಚುಬಾಯಲ್ಲಿ ಕಾಯಕ್ಕಾಗುತ್ತಾ?” ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆ ನೆನಪಾಗಿ ಅಕ್ಕನಿಗೆ ನಗುವೂ ಬಂತು, ಅಳುವೂ ಬಂತು.

ಆ ಶುಕ್ರವಾರವೇ ವಿಶ್ವವಿದ್ಯಾಲಯದ ಹೊಸ ಸಲಹೆಗಾರ್ತಿ ಅಮ್ಮ, ಅಕ್ಕ, ತಮ್ಮ ಮೂವರನ್ನೂ ಕರೆಸಿದರು. ಆಟಿಸಂ ಇರುವ ವಿದ್ಯಾರ್ಥಿಗಳಿಗೆ ನೆರವಾಗಲೆಂದು ಅವರನ್ನು ನೇಮಿಸಿ ತಿಂಗಳಾಗಿತ್ತಷ್ಟೆ. ಹಳೆಯ ಉಗ್ರಾಣವನ್ನೇ ಕೋಣೆ ಮಾಡಿಕೊಟ್ಟಿದ್ದರು. ಮುರಿದ ಕುರ್ಚಿಗಳು ಇನ್ನೂ ಮೂಲೆಯಲ್ಲಿದ್ದವು. ಅವರಿಗೆ ನೆಗಡಿ ಬೇರೆ. ಮೂಗೊರೆಸಿಕೊಂಡು ತಮ್ಮನನ್ನು ಕೇಳಿದರು: “ಇಲ್ಲಿ ಏನೇನಿದ್ರೆ ನಿಮಗೆ ಸುಲಭ ಆಗುತ್ತೆ?”

“ಅಕ್ಕ ಇದ್ರೆ ಸಾಕು ಮೇಡಂ ಅವನಿಗೆ,” ಎಂದಳು ಅಮ್ಮ.

“ಅವರನ್ನ ಕೇಳ್ತಿದೀನಿ ಅಮ್ಮ.”

ತಮ್ಮ ಮೇಜಿನ ಅಂಚನ್ನು ಬೆರಳಿನಿಂದ ಸವರುತ್ತ ಕೂತ. ಅಕ್ಕನ ಬಾಯಿ ತುರಿಸಿತು. ಅವನ ಪರವಾಗಿ ಉತ್ತರ ಕೊಟ್ಟು ಕೊಟ್ಟು ಅಭ್ಯಾಸ. ಅಮ್ಮ ಎರಡು ಸಲ ಬಾಯಿ ತೆರೆದು ಮುಚ್ಚಿದಳು. ಸಲಹೆಗಾರ್ತಿ ಕಾಯುತ್ತಲೇ ಇದ್ದರು.

“ಕ್ಲಾಸ್ ರದ್ದಾದ್ರೆ ಮೊದಲೇ ಹೇಳ್ಬೇಕು,” ಎಂದ ತಮ್ಮ ಕೊನೆಗೆ. “ಬಾಗಿಲ ಹತ್ರದ ಬೆಂಚು ನನಗೇ ಇರ್ಬೇಕು. ಕ್ಯಾಂಟೀನಿಗೆ ಬೆಲ್ಲಿಗೆ ಮುಂಚೆ ಬಿಡ್ಬೇಕು. ಆ ಟ್ಯೂಬ್‌ಲೈಟ್ ಬದಲಾಯಿಸ್ಬೇಕು.”

“ಮತ್ತೆ?”

“ಅಷ್ಟೇ.”

ಆ ಪಟ್ಟಿಯಲ್ಲಿ ಅಕ್ಕ ತನ್ನ ಸರದಿಗೆ ಕಾಯುತ್ತಿದ್ದಳು. ಅದು ಬರಲಿಲ್ಲ.

“ಅಕ್ಕ ಬೇಡ್ವೇನೋ?” ಅಮ್ಮನ ದನಿ ಏರಿತು. “ಜ್ವರ ಬಂದಾಗ ಏನಾಯ್ತು? ಇಡೀ ದಿನ ಬಾಗಿಲಲ್ಲಿ ನಿಂತಿದ್ದೆಯಲ್ಲೋ!”

“ಅಕ್ಕ ಒಳಗೆ ಹೋಗಿರಲಿಲ್ಲವಲ್ಲ. ಅದಕ್ಕೆ ನಿಂತಿದ್ದೆ.”

“ಅಕ್ಕ ಮೊದಲು ಹೋಗ್ಲೇಬೇಕಾ?” ಎಂದು ಕೇಳಿದರು ಸಲಹೆಗಾರ್ತಿ.

“ಹೂಂ. ನಾನು ಮೊದಲು ಹೋದ್ರೆ ಅವಳು ಅಳ್ತಾಳೆ. ಒಂದ್ಸಲ ಹೋಗಿದ್ದೆ. ಎಲ್ಲರ ಮುಂದೆ ಅತ್ತಳು. ಇನ್ಮೇಲೆ ಹೋಗ್ಬೇಡ ಅಂದಳು.” ಅವನು ಅಮ್ಮನ ಕಡೆ ತಿರುಗಿದ. “ಅಕ್ಕನ್ನ ಒಬ್ಬಳನ್ನೇ ಬಿಡ್ಬೇಡ, ಜೊತೆಗಿರು ಅಂತ ನೀನೂ ಹೇಳಿದ್ದೆ. ನಾನು ಬಿಟ್ಟಿಲ್ಲ.”

ಅಕ್ಕನಿಗೆ ಮೊದಲು ಬಂದದ್ದು ಸಂತೋಷವಲ್ಲ, ಸಿಟ್ಟು. ನೆತ್ತಿಗೇರುವ ಸಿಟ್ಟು. ತಾನು ಇವನನ್ನು ಕಾಯುತ್ತಿದ್ದೇನೆ ಎಂದುಕೊಂಡಷ್ಟೂ ದಿನ ಇವನು ತನ್ನನ್ನು ಕಾಯುತ್ತಿದ್ದ!

“ಮೊದಲೇ ಯಾಕೋ ಹೇಳ್ಲಿಲ್ಲ?”

“ಯಾರೂ ಕೇಳ್ಲಿಲ್ಲ,” ಎಂದ ತಮ್ಮ.

ಭಾನುವಾರ ಅಕ್ಕ ಬಟ್ಟೆ ಮಡಿಸುತ್ತಿದ್ದ ಅಮ್ಮನ ಎದುರು ಕೂತು ಲ್ಯಾಬಿನ ಮಾತೆತ್ತಿದಳು. ಅಮ್ಮ ಒಂದು ಅಂಗಿಯನ್ನೇ ಮೂರು ಸಲ ಬಿಚ್ಚಿ ಮಡಿಸಿದಳು.

“ನಾಳೆ ಒಂದಿನ ಅವನ ಜೊತೆ ಹೋಗಿಬಿಡು. ಆಮೇಲೆ ನೋಡೋಣ.”

“ನಾಳೇನೇ ಅಮ್ಮ ಅಲ್ಲಿಗೆ ಹೋಗ್ಬೇಕಾಗಿರೋದು.”

“ಏನಾದ್ರೂ ಆದ್ರೆ ಫೋನ್ ಬರೋದು ನನಗೆ ಕಣೇ. ನಾನು ಮತ್ತೆ ಆ ಬೆಂಚಿಗೆ ಹೋಗಲಾರೆ. ನನ್ನ ಕೈಲಿ ಆಗಲ್ಲ.” ಅಮ್ಮನ ಕಣ್ಣು ತುಂಬಿತು. “ಸ್ವಾರ್ಥಿ ಅಂತ ಬೇಕಾದ್ರೆ ಅಂದ್ಕೋ.”

ಅಕ್ಕ ಹಾಗೆ ಅಂದುಕೊಳ್ಳಲಿಲ್ಲ. ಹಾಗೆ ಅಂದುಕೊಳ್ಳಲು ಆಗಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಎದ್ದು ಅಮ್ಮನ ಕೈಯಿಂದ ಅಂಗಿ ತೆಗೆದುಕೊಂಡು ತಾನೇ ಮಡಿಸಿಟ್ಟಳು.

ಸೋಮವಾರ ಬೆಳಿಗ್ಗೆ ಅಕ್ಕ ತಮ್ಮ ಇಬ್ಬರೂ ಎಂದಿನಂತೆ ತರಗತಿಯ ಬಾಗಿಲಲ್ಲಿ ನಿಂತಿದ್ದರು. ಟ್ಯೂಬ್‌ಲೈಟು ಇನ್ನೂ ಬದಲಾಗಿರಲಿಲ್ಲ. ಸರ್ಕಾರಿ ಕೆಲಸವೋ ದೇವರ ಕೆಲಸವೋ, ವಿಶ್ವವಿದ್ಯಾಲಯದ ಕೆಲಸವಂತೂ ಇನ್ನೂ ನಿಧಾನ. ಅಕ್ಕನ ಚೀಲದಲ್ಲಿ ಅವಳ ಹಳೆಯ ಮೇಣದ ಚೂರಿ ಇತ್ತು. ಲ್ಯಾಬಿಗೆ ಹೋಗುವ ಬಸ್ಸಿಗೆ ಇನ್ನೂ ಹೊತ್ತಿತ್ತು. ಆದರೂ ಅವಳ ಕಾಲು ತನ್ನಷ್ಟಕ್ಕೆ ಒಳಗೆ ಎಳೆಯುತ್ತಿತ್ತು.

“ಇವತ್ತು ನಾನು ಒಳಗೆ ಬರಲ್ಲ ಕಣೋ.”

“ಲ್ಯಾಬಿಗೆ ಹೋಗ್ತೀಯಾ?”

“ಹೂಂ.”

“ಹೆದರಿಕೆ ಆಗಲ್ವಾ?”

ಇಲ್ಲ ಎಂದುಬಿಡಬಹುದಿತ್ತು. ಇವನ ಮುಂದೆ ಅದು ಆಗದ ಮಾತು. ಚೂರಿ ಹಿಡಿದು ಒಂದೂವರೆ ವರ್ಷವಾಗಿತ್ತು. ಕೈ ಮರೆತಿದ್ದರೆ? ಹಲ್ಲು ಹುಟ್ಟದಿದ್ದರೆ? ತಮ್ಮನಿಂದಾಗಿ ಎಲ್ಲ ಹಾಳಾಯಿತು ಎಂದು ಹೇಳಿಕೊಳ್ಳಲು ಇಷ್ಟು ದಿನ ಒಂದು ನೆಪವಿತ್ತು. ಈ ಬೆಂಚಿನಲ್ಲಿ ಉಸಿರು ಕಟ್ಟುತ್ತಿತ್ತು ನಿಜ, ಆದರೆ ಇಲ್ಲಿ ಸೋಲುವ ಭಯವಿರಲಿಲ್ಲ. ಅದು ಅವಳಿಗೆ ಆ ಬಾಗಿಲಲ್ಲೇ ಹೊಳೆಯಿತು, ಹೊಳೆದು ನಾಚಿಕೆಯಾಯಿತು.

“ಆಗುತ್ತೆ,” ಎಂದಳು. “ತುಂಬಾ ಆಗುತ್ತೆ.”

ತಮ್ಮ ಬಾಗಿಲಿನ ಗಾಜಿನ ಕಿಂಡಿಯಲ್ಲಿ ಒಳಗೆ ಇಣುಕಿದ.

“ಹಾಗಾದ್ರೆ ನಾನು ಮೊದಲು ಹೋಗ್ತೀನಿ. ನೀನು ಆಮೇಲೆ ಹೋಗು. ಅಳಲ್ಲ ತಾನೇ?”

ಅವಳು ತಲೆಯಾಡಿಸಿದಳು. ಅವನು ಕಿವಿಗೆ ಬೆರಳಿಟ್ಟುಕೊಂಡು ಒಳಗೆ ಹೋದ. ಮೊದಲು ಆ ದೀಪ ಆರಿಸಿದ, ಆಮೇಲೆ ಬೆಂಚಿನ ಮೇಲೆ ಚೀಲ ಇಟ್ಟು ಕೂತ. ಬಾಗಿಲು ಮುಚ್ಚಿಕೊಂಡಿತು. ಅಕ್ಕ ಮಾತ್ರ ನಿಂತಲ್ಲೇ ನಿಂತಿದ್ದಳು. ಕಾರಿಡಾರಿನ ಗದ್ದಲ ಅಡಗಿತು, ಕೊನೆಯ ಹುಡುಗನೂ ಓಡಿ ಒಳಸೇರಿದ. ಹೋಗು ಎಂದು ಎಷ್ಟು ಹೇಳಿಕೊಂಡರೂ ಕಾಲು ಏಳಲಿಲ್ಲ.

ಒಳಗೆ ಮೇಷ್ಟ್ರು ಹಾಜರಿ ಕರೆಯುತ್ತಿದ್ದರು.

“ಎಲ್ಲಪ್ಪಾ ಅಕ್ಕ? ಹುಷಾರಿಲ್ವಾ?”

“ಹುಷಾರಾಗಿದಾಳೆ ಸಾರ್,” ತಮ್ಮನ ದನಿ ಗಟ್ಟಿಯಾಗಿ ಕೇಳಿಸಿತು. “ಬಾಗಿಲ ಹೊರಗೆ ನಿಂತಿದಾಳೆ. ಹೆದರ್ಕೊಂಡಿದಾಳೆ. ಹಲ್ಲು ಮಾಡೋ ಲ್ಯಾಬಿಗೆ ಹೋಗ್ಬೇಕು. ಹೋಗ್ತಾಳೆ.”

ತರಗತಿ ಗೊಳ್ಳೆಂದು ನಕ್ಕಿತು. ಅವನೊಬ್ಬ ನಗಲಿಲ್ಲ. ಅಕ್ಕ ಚೀಲವನ್ನು ಹೆಗಲಿಗೆ ಏರಿಸಿ ಮೆಟ್ಟಿಲ ಕಡೆ ತಿರುಗಿದಳು. ಅಷ್ಟು ಜನರ ಮುಂದೆ ಅವನು ಹೋಗ್ತಾಳೆ ಎಂದು ಹೇಳಿಬಿಟ್ಟಿದ್ದ. ಜನ್ಮದಲ್ಲಿ ಒಂದು ಸುಳ್ಳೂ ಆಡದ ಹುಡುಗನನ್ನು ಇವತ್ತು ಸುಳ್ಳುಗಾರನನ್ನಾಗಿ ಮಾಡುವುದು ಅವಳಿಂದ ಆಗಲಿಲ್ಲ.