ಮೇಷ್ಟ್ರ ಸಹಿ

ನನ್ನ ಗೈಡಿಗೆ ನಾನು ಹೊಡೆದಿದ್ದೇನೆ. ಅವರೇ ಮೊದಲು ಹೊಡೆದರು, ನಿಜ. ಆದರೂ ಪಿಎಚ್.ಡಿ. ಮಾಡುವವನು ಮೇಷ್ಟ್ರ ಮೇಲೆ ಕೈ ಮಾಡಿದರೆ ಅವನ ಗತಿ ಏನಾಗುತ್ತದೆ ಅಂತ ತುಮಕೂರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಅವರು ನನಗೆ ಕೊಟ್ಟಿದ್ದ ವಿಷಯ ಕುಣಿಗಲ್ ಕೆರೆಯ ನೀರು ಹಂಚಿಕೆ. ಎರಡು ವರ್ಷದಲ್ಲಿ ಆ ಕೆರೆ ಏರಿಗೆ ನಾನು ಹೋಗಿದ್ದು ನಾಲ್ಕೇ ಸಲ. ಹೇಗೆ ಹೋಗಲಿ? ವಾರಕ್ಕೆ ಹದಿನಾರು ಗಂಟೆ ಅವರ ಕ್ಲಾಸುಗಳನ್ನು ನಾನೇ ತೆಗೆದುಕೊಳ್ಳುತ್ತಿದ್ದೆ. ನಮ್ಮ ವಿಭಾಗದಲ್ಲಿ ಅದೊಂದು ಪದ್ಧತಿ. ಪಾಠ ಶಿಷ್ಯನದು, ಹಾಜರಿ ಪುಸ್ತಕದಲ್ಲಿ ಸಹಿ ಮೇಷ್ಟ್ರದು, ಆ ಸಹಿ ಹಾಕುವ ಕೈಯೂ ಶಿಷ್ಯನದೇ. ಅವರ ಹೆಸರಿನ ಕೊನೆಯ ಗೀಟನ್ನು ನಾನು ಅವರಿಗಿಂತ ಚೆನ್ನಾಗಿ ಎಳೆಯುತ್ತಿದ್ದೆ. ಮಾಡುತ್ತಿರುವುದು ಸಂಶೋಧನೆಯೋ ಬಿಟ್ಟಿ ಚಾಕರಿಯೋ ಅಂತ ನನಗೇ ಅನುಮಾನ ಶುರುವಾಗಿತ್ತು.

ಹೀಗಿರುವಾಗ ಒಂದು ದಿನ, ವಸಂತನರಸಾಪುರದ ಫ್ಯಾಕ್ಟರಿಯೊಂದಕ್ಕೆ ಗುತ್ತಿಗೆ ಕೆಲಸಕ್ಕೆ ಹೋಗುತ್ತಿದ್ದ ನನ್ನ ಅಕ್ಕ ಗುಬ್ಬಿಯ ನಮ್ಮ ಮನೆಗೆ ಮಧ್ಯಾಹ್ನವೇ ವಾಪಸು ಬಂದಳು. ಚೂಡಿದಾರದ ತುಂಬ ರಕ್ತ. ಅಮ್ಮ ಬಾಯಿ ಬಡಿದುಕೊಂಡರು.

"ನಂದಲ್ಲ ಕಣಮ್ಮ, ಅವ್ನದು," ಅಂದಳು ಅಕ್ಕ.

ಬಾತ್‌ರೂಮಿಗೆ ಹೋಗಲು ಬಿಡದೆ, ಕತ್ತು ಹಿಡಿದು ಮೆಷಿನ್ ಕಡೆ ತಳ್ಳಿದ ಸೂಪರ್‌ವೈಸರನ ಮೂಗನ್ನು ಊಟದ ಡಬ್ಬಿಯಲ್ಲಿ ಜಜ್ಜಿ ಬಂದಿದ್ದಳು. ಅವಳ ಕತ್ತಿನ ಮೇಲೆ ಐದು ಬೆರಳೂ ಮೂಡಿದ್ದವು. ನನ್ನ ಮೈ ಉರಿದುಹೋಯಿತು. ಬರೆದರೆ ಇದನ್ನು ಬರೆಯಬೇಕು, ಕೆರೆ ಹಾಳಾಗಿ ಹೋಗಲಿ ಅನ್ನಿಸಿತು.

ವಿಷಯ ಬದಲಿಸಲು ಗೈಡಿನ ಸಹಿ ಬೇಕು. ಮೂರು ಸಲ ಕೇಳಿದೆ. "ಮೊದ್ಲು ಪೋರ್ಷನ್ ಮುಗ್ಸೋ, ಆಮೇಲ್ ನೋಡಣ," ಅಂದರು ಮೂರು ಸಲವೂ. ಅರ್ಜಿ ತುಂಬಿಟ್ಟುಕೊಂಡು ನಾಲ್ಕನೇ ಸಲ ಕೇಳೋಣವೆಂದು ಕೂತಿದ್ದೆ. ಮೇಜಿನ ಮೇಲೆ ತಿಂಗಳ ಹಾಜರಿ ಪುಸ್ತಕಗಳೂ ಇದ್ದವು. ನನ್ನ ದರಿದ್ರ ಕೈ! ಪುಸ್ತಕಗಳಿಗೆ ಅವರ ಸಹಿ ಹಾಕುತ್ತಾ ಹಾಕುತ್ತಾ ಅರ್ಜಿಗೂ ಹಾಕಿಬಿಟ್ಟಿತ್ತು. ಅಟೆಂಡರ್ ಎಲ್ಲವನ್ನೂ ಬಾಚಿಕೊಂಡು ಕಚೇರಿಗೆ ಹೋದ. ಅರ್ಜಿ ಎಲ್ಲಿ ಹೋಯಿತಪ್ಪಾ ಅಂತ ನಾನು ಎರಡು ದಿನ ಹುಡುಕುತ್ತಲೇ ಇದ್ದೆ. ಶಿಷ್ಯನ ವಿಷಯ ಬದಲಿಸಿದ್ದೀರಂತೆ ಅಂತ ಕಚೇರಿಯ ಗುಮಾಸ್ತರು ಗೈಡಿಗೆ ಫೋನ್ ಮಾಡಿದ ಮೇಲೇ ಗುಟ್ಟು ಹೊರಬಿದ್ದಿದ್ದು.

ಅವರ ರೂಮಿನ ಬಾಗಿಲು ಮುಚ್ಚಿದ್ದೇ ತಡ, ಕೆನ್ನೆಗೆ ಬಿತ್ತು.

"ನನ್ ಸೈನ್ ಹಾಕ್ತೀಯೇನ್ಲಾ, ಕಳ್ ನನ್ಮಗ್ನೆ!"

ಎರಡನೆಯದು ಕಿವಿಗೆ. ಆಮೇಲೆ ಮೇಜಿನ ಮೇಲಿದ್ದ ದಪ್ಪ ಥೀಸಿಸ್ ಒಂದನ್ನು ಎತ್ತಿ ಬೀಸಿದರು. ರಟ್ಟಿನ ಮೂಲೆ ನನ್ನ ಹುಬ್ಬು ಸೀಳಿತು. ಕಣ್ಣಿಗೆ ರಕ್ತ ಇಳಿಯಿತು. ಅಷ್ಟೇ, ನನಗೆ ಮುಂದೆ ಹಿಂದೆ ಏನೂ ಕಾಣಲಿಲ್ಲ. ಕಾಲರ್ ಹಿಡಿದು ಅವರನ್ನು ಬೀರುವಿಗೆ ಅಪ್ಪಳಿಸಿ ಬಾಯಿಗೆ ಗುದ್ದಿದೆ. ಅವರ ಕನ್ನಡಕ ನನ್ನ ಚಪ್ಪಲಿಯಡಿ ಪುಡಿಯಾಯಿತು. ಇನ್ನೊಂದು ಗುದ್ದಲು ಕೈ ಎತ್ತಿದಾಗ, ಅವರ ಹತ್ತಿರವೇ ಸಂಶೋಧನೆ ಮಾಡುತ್ತಿದ್ದ ಕುಣಿಗಲ್ಲಿನ ಹುಡುಗಿ ಬಾಗಿಲು ತಳ್ಳಿಕೊಂಡು ಬಂದು ನನ್ನ ತೋಳಿಗೆ ಜೋತುಬಿದ್ದಳು.

"ಬುಡಿ ಅಣ್ಣಾ, ಸತ್ತೋಯ್ತಾರೆ!"

ಗೈಡು ರಕ್ತ ಉಗಿದರು. "ಪೊಲೀಸ್ನೋರಿಗೆ ಹಿಡ್ಕೊಡ್ತೀನಿ ಕಣೋ ನಿನ್ನ. ಸೈನ್ ಫೋರ್ಜರಿ ಮಾಡವ್ನೆ ಅಂತ."

"ಕೊಡಿ ಸಾರ್. ಎರಡು ವರ್ಷದ ಹಾಜರಿ ಪುಸ್ತಕಾನೂ ನಾನೇ ಹೊತ್ಕೊಂಡ್ ಬರ್ತೀನಿ. ಅದ್ರಲ್ಲಿರೋದೂ ನನ್ ಕೈನೇ."

ಅವರು ಕುರ್ಚಿಯಲ್ಲಿ ಕುಸಿದರು. ಸಹಿ ತಮ್ಮದಲ್ಲ ಅಂತ ಅವರು ಕಚೇರಿಗೆ ಹೇಳಲೇ ಇಲ್ಲ, ಅರ್ಜಿ ವಾಪಸು ಬರಲಿಲ್ಲ. ವಿಷಯ ಬದಲಾಯಿತು, ಬೇರೆ ಗೈಡೂ ಸಿಕ್ಕರು, ಕ್ಲಾಸುಗಳ ಕಾಟವೂ ತಪ್ಪಿತು. ಗೆದ್ದೆ ಅಂತ ಬೀಗಿದೆ, ಸುಳ್ಳು ಯಾಕೆ ಹೇಳಲಿ.

ತಿಂಗಳಾದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಆ ಹುಡುಗಿ ಸಿಕ್ಕಳು. ಪಾಠ ಮಾಡಿ ಮಾಡಿ ಅವಳ ದನಿ ಬಿದ್ದುಹೋಗಿತ್ತು. ನನ್ನ ಹದಿನಾರು ಗಂಟೆಯೂ ಅವಳ ತಲೆಗೆ ಬಿದ್ದಿತ್ತು. ಅವಳಿಗೂ ವಿಷಯ ಬದಲಿಸುವ ಆಸೆ ಇತ್ತಂತೆ, ನನಗೆ ಗೊತ್ತೇ ಇರಲಿಲ್ಲ. ನಾನು ಜಂಬದಿಂದ, "ನೀನೂ ಒಂದ್ಸಲ ಹೆದರ್ಸು, ದಾರಿಗ್ ಬರ್ತಾರೆ," ಅಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ನೀವ್ ಹೊಡ್ದಾಗಿಂದ ಸೈನೆಲ್ಲ ಅವ್ರೇ ಹಾಕ್ತಾರಣ್ಣ. ಪಾಠ ಮಾತ್ರ ನಂದು. ನಾನ್ ಏನ್ ತೋರ್ಸಿ ಹೆದರ್ಸ್ಲಿ?"