ಕಂಬಳಿಯ ಮೇಲೆ ಕೂತು ಹೇಳಿದ ಮಾತು

ನನ್ನ ಸೋದರಮಾವನ ಎರಡು ಕೈಗಳೂ ಒಬ್ಬನವೇ ಎಂದರೆ ಯಾರೂ ನಂಬುತ್ತಿರಲಿಲ್ಲ. ಬಲಗೈ ಬಿಸಿಲಿಗೆ ಸುಟ್ಟು ಕರ್ರಗಾಗಿತ್ತು. ಎಡಗೈ ಮಾತ್ರ ಮಣಿಕಟ್ಟಿನಿಂದ ಕೆಳಗೆ ಬೆಳ್ಳಗೆ, ಬಾಣಂತಿಯ ಕೈಯಂತೆ ಮೆತ್ತಗಿತ್ತು. ಗಾಲ್ಫ್ ಆಡುವವರು ಒಂದೇ ಕೈಗೆ ಗವಸು ಹಾಕುತ್ತಾರಂತೆ. ಅವನು ಊಟಕ್ಕೆ ಕೂತಾಗಲೆಲ್ಲ ನಮ್ಮವ್ವ ಛೇಡಿಸುತ್ತಿದ್ದಳು: “ಒಂದು ಕೈ ಕುರಿ ಕಾಯೋನ್ದು, ಒಂದು ಕೈ ಸಾಹೇಬ್ರುದು. ಯಾವ ಕೈಗೆ ಮುದ್ದೆ ಇಡ್ಲಪ್ಪ?”

ನನ್ನಿವಾಳದ ಕುರಿ ಕಾಯುವ ಮನೆಯವನು ಗಾಲ್ಫ್ ಆಟಗಾರನಾದದ್ದು ಹೇಗೆ ಎಂದು ಕೇಳಿದವರಿಗೆ, “ಹುಲ್ಲು ಕೊಯ್ಯಾಕೆ ಹೋದೋನು ಹುಲ್ಲಿನ ಮ್ಯಾಲೆ ಆಡೋದು ಕಲ್ತೆ” ಎನ್ನುತ್ತಿದ್ದ. ನಿಜವೂ ಅಷ್ಟೇ. ಬೆಂಗಳೂರಿನ ಒಂದು ಗಾಲ್ಫ್ ಮೈದಾನದಲ್ಲಿ ಹುಲ್ಲು ಕತ್ತರಿಸುವ ಕೆಲಸಕ್ಕೆ ಸೇರಿದ. ಆಮೇಲೆ ಆಡುವವರ ಚೀಲ ಹೊತ್ತ. ಕೊನೆಗೆ ತಾನೇ ಕೋಲು ಹಿಡಿದ. ಓಡುವ ಟಗರನ್ನು ಕಲ್ಲೆಸೆದು ತಿರುಗಿಸಿದವನಿಗೆ ಗುರಿ ಹೊಸದೇನಲ್ಲ. ಹದಿನೈದು ವರ್ಷ ಆಟವೇ ಅವನ ಹೊಟ್ಟೆಪಾಡಾಗಿತ್ತು. ಕಡಿಮೆ ಏಟಿನಲ್ಲಿ ಚೆಂಡನ್ನು ಎಲ್ಲಾ ಕುಳಿಗಳಿಗೂ ಬೀಳಿಸಿದವನು ಗೆಲ್ಲುವ ಆಟ ಅದು. ದೊಡ್ಡ ಕಪ್ಪು ಗೆದ್ದದ್ದು ಒಂದೇ ಸಲ, ಅದೂ ಒಂದೇ ಏಟಿನ ಅಂತರದಲ್ಲಿ.

ಆ ಕಪ್ಪು ನನ್ನಿವಾಳದ ನಮ್ಮ ಮನೆಯ ಗೂಡಿನಲ್ಲಿತ್ತು. ಅವ್ವ ದಿನಾ ಅದಕ್ಕೆ ಕುಂಕುಮ ಇಡುತ್ತಿದ್ದಳು. ಊರಿನಲ್ಲಿ ಮದುವೆಯಾದರೆ ಮದುಮಗ ಅದನ್ನು ಕೇಳಿ ಪಡೆದು, ತಾನೇ ಗೆದ್ದವನಂತೆ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದ. ಗಾಲ್ಫ್ ಎಂದರೇನೆಂದು ಊರಿನಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ ಬಿಡಿ. ಆದರೂ ಕಪ್ಪು ಎಲ್ಲರದೂ ಆಗಿತ್ತು.

ಸೊಂಟ ಕೈಕೊಟ್ಟ ಮೇಲೆ ಮಾವನ ಆಟ ನಿಂತಿತು. ಆಗ ಒಂದು ಟಿವಿ ಚಾನೆಲ್ಲಿನವರು ಕನ್ನಡದಲ್ಲಿ ವೀಕ್ಷಕ ವಿವರಣೆ ಕೊಡಲು ಕರೆದರು. ಗ್ರಂಥದ ಕನ್ನಡ ಮಾತಾಡಿ ಎಂದರಂತೆ. ಮೊದಲ ದಿನ ಪಾಪ, ಗಂಟಲಲ್ಲಿ ಮುಳ್ಳು ಸಿಕ್ಕವನ ಹಾಗೆ ತಡವರಿಸಿದ. ಮಾರನೆಯ ದಿನ ಚೆಂಡು ಎತ್ತರದ ಹುಲ್ಲಿಗೆ ಬಿದ್ದಾಗ ಬಾಯಿ ತಪ್ಪಿ, “ತಗಳಪ್ಪ, ಮರಿ ಬೇಲಿಗೆ ಸಿಕ್ಕಂತು!” ಎಂದುಬಿಟ್ಟ. ಜನರಿಗೆ ಅದೇ ಹಿಡಿಸಿತು. ಆಟಗಾರ ಹೊಡೆಯಲು ಹಿಂದೆಮುಂದೆ ನೋಡಿದರೆ, “ಯೋಚ್ನೆ ಮಾಡಿದಷ್ಟೂ ಕುಳಿ ದೂರ ಹೋಗ್ತೈತೆ” ಎನ್ನುತ್ತಿದ್ದ. ರಾಂಪುರದ ಹೈಸ್ಕೂಲಿನಲ್ಲಿ ಕನ್ನಡದ ಮೇಡಂ ಆಗಿರುವ ನಾನು ಆ ಮಾತನ್ನು ಪರೀಕ್ಷೆಗೆ ಹೆದರುವ ಮಕ್ಕಳಿಗೆ ಹೇಳಿ, “ನಮ್ಮ ಮಾವಂದು” ಎಂದು ಸೇರಿಸುತ್ತಿದ್ದೆ. ಜಂಭ ಇತ್ತು, ಇಲ್ಲ ಅನ್ನುವುದಿಲ್ಲ.

ವಿವರಣೆ ಹೇಳುವ ಕೋಣೆಯಲ್ಲಿ ಏಸಿ. ಥಂಡಿಗೆ ಅವನ ಸೊಂಟ ಹಿಡಿಯುತ್ತಿತ್ತು. ಅವ್ವನ ಮಾತಿನಂತೆ ನಾನೇ ಚಳ್ಳಕೆರೆ ಸಂತೆಯಲ್ಲಿ ಕೈಮಗ್ಗದ ಕರಿ ಕಂಬಳಿಯೊಂದನ್ನು ತಂದುಕೊಟ್ಟೆ, ಕುರ್ಚಿಯ ಮೇಲೆ ಹಾಸಿಕೊಳ್ಳಲಿ ಎಂದು. ನಮ್ಮ ಜನಕ್ಕೆ ಕಂಬಳಿ ಬರೀ ಹೊದಿಕೆಯಲ್ಲ. ವ್ಯಾಜ್ಯ ಬಂದರೆ ಹಿರಿಯರು ಕಂಬಳಿ ಹಾಸಿ ಇಬ್ಬರನ್ನೂ ಅದರ ಮೇಲೆ ಕೂರಿಸುತ್ತಾರೆ. ಅಲ್ಲಿ ಕೂತು ಸುಳ್ಳು ಹೇಳಿದವನು ಉದ್ಧಾರವಾಗುವುದಿಲ್ಲ ಎಂಬ ನಂಬಿಕೆ.

“ಎಚ್ರ ಕಣಪ್ಪ, ಕಂಬ್ಳಿ ಮ್ಯಾಲೆ ಕುಂತು ಸುಳ್ಳು ಆಡಬಾರ್ದು” ಎಂದಳು ಅವ್ವ.

“ನಾನೇನ್ ಪಂಚಾಯ್ತಿ ಮಾಡಾಕೆ ಹೊಂಟೀನೇನಕ್ಕ?” ಎಂದು ಮಾವ ನಕ್ಕ.

ಮುಂದಿನ ಪಂದ್ಯ ಅವನು ಕಪ್ಪು ಗೆದ್ದಿದ್ದ ಮೈದಾನದಲ್ಲೇ ಇತ್ತು. ನಾನೂ ಅವ್ವನೂ ಟಿವಿ ಮುಂದೆ ಕೂತಿದ್ದೆವು. ಆಟ ಮುಗಿಯಲು ಎರಡೇ ಕುಳಿ ಬಾಕಿ. ಮುಂದಿದ್ದ ಆಟಗಾರ ಚೆಂಡಿನ ಪಕ್ಕದ ಒಣ ಎಲೆ ತೆಗೆಯಲು ಹೋದಾಗ ಚೆಂಡು ಬೆರಳಗಲ ಸರಿಯಿತಂತೆ. ಕ್ಯಾಮೆರಾಕ್ಕೂ ಅದು ಕಂಡಿರಲಿಲ್ಲ. ಅವನೇ ಕೈಯೆತ್ತಿ ಪಂಚರನ್ನು ಕರೆದು ಹೇಳಿದ. ಆ ಆಟದಲ್ಲಿ ಹಾಗಾದರೆ ತಾನೇ ಒಪ್ಪಿಕೊಂಡು ಲೆಕ್ಕಕ್ಕೆ ಒಂದು ಏಟು ಸೇರಿಸಿಕೊಳ್ಳಬೇಕು. ಆ ಒಂದು ಏಟಿನಿಂದಲೇ ಅವನು ಸೋತ.

ಮಾವನ ಪಕ್ಕದಲ್ಲಿದ್ದ ವಿವರಣೆಗಾರ ಕೇಳಿದ: “ಯಾರೂ ನೋಡಿರಲಿಲ್ಲ. ಆ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡ್ತಿದ್ರಿ ಸರ್?”

ಅವ್ವ ಟಿವಿಯ ದನಿ ಜೋರು ಮಾಡಿದಳು. ಆಮೇಲೆ ಮಾವನ ದನಿ ಬಂತು.

“ನಾನೂ ಇದ್ದೆ ಆ ಜಾಗದಾಗೆ. ಎಲೆ ತೆಗೆದೆ, ಚೆಂಡು ಸರೀತು. ಯಾರೂ ನೋಡ್ಲಿಲ್ಲ, ನಾನೂ ಹೇಳ್ಲಿಲ್ಲ. ಹೇಳಿದ್ರೆ ಆಟ ಸಮ ಆಗ್ತಿತ್ತು. ಆ ಕಪ್ಪು ನಂದಲ್ಲ.”

ಅಯ್ಯೋ ದೇವರೇ! ಅವ್ವ ಎದ್ದಳು. ಗೂಡಿನಿಂದ ಕಪ್ಪು ಇಳಿಸಿ, ಸೆರಗಿನಿಂದ ಕುಂಕುಮ ಒರೆಸಿ, ಗೋಣಿಚೀಲಕ್ಕೆ ಹಾಕಿದಳು.

ಸಂಜೆ ನಾನು ಫೋನಿನಲ್ಲಿ ಹರಿಹಾಯ್ದೆ. “ಬುದ್ಧಿ ಐತಾ ಮಾವ ನಿಂಗೆ? ಇಪ್ಪತ್ತು ವರ್ಷದ್ದು ಈಗ ಯಾರ್ ಕೇಳಿದ್ರು?”

“ಅವ್ನು ಕೇಳಿದ್ನಲ್ಲವ್ವ. ಕಂಬ್ಳಿ ಮ್ಯಾಲೆ ಕುಂತಿದ್ದೆ. ಎದ್ದು ನಿಂತು ಸುಳ್ಳು ಹೇಳಾನ ಅಂದ್ರೆ ಸೊಂಟ ಹಿಡ್ಕಂಡಿತ್ತು.”

ನನಗೆ ನಗು ಬರಲಿಲ್ಲ. ಚಾನೆಲ್ಲಿನವರು ಅವನನ್ನು ತೆಗೆದುಹಾಕಲಿಲ್ಲ, ಮತ್ತೆ ಕರೆಯಲಿಲ್ಲ ಅಷ್ಟೇ. ಆ ತುಣುಕು ಎಲ್ಲರ ಮೊಬೈಲಿಗೂ ಬಂತು, “ಕಪ್ಪು ಕಳ್ಳ” ಎಂಬ ಹೆಸರಿನ ಸಮೇತ. ಸೋಮವಾರ ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಮೇಷ್ಟ್ರು, ಅರ್ಧ ತೆಲುಗಿನ ಮನುಷ್ಯ, ಎಲ್ಲರೆದುರು ಕೇಳಿದರು: “ಏನ್ ಮೇಡಂ, ಆ ವಿಡಿಯೋದ ಆಯನ ನಿಮ್ ಮಾವ ಕದಾ, ಅಲ್ವಾ?”

“ಅಯ್ಯೋ, ದೂರದ ಸಂಬಂಧ ರೀ” ಎಂದೆ. ಹೇಳಿ ಟೀ ಕುಡಿದೆ.

ಮುಂದಿನ ವಾರ ಮಾವ ಊರಿಗೆ ಬಂದ. ಅವ್ವ ಗೋಣಿಚೀಲ ತೋರಿಸಿ, “ಯಾರ್ದೋ ಅವ್ರಿಗೆ ಕೊಟ್ಟು ಬಾ. ಇಷ್ಟು ವರ್ಷ ಕುಂಕುಮ ಇಟ್ಟೀನಿ, ನಂಗೂ ಅದ್ರಾಗೆ ಪಾಲೈತೆ” ಎಂದಳು. ಸೊಂಟದ ಕಾರಣ ಅವನಿಗೆ ಭಾರ ಎತ್ತುವಂತಿರಲಿಲ್ಲ. ಜೊತೆಗೆ ನಾನು ಹೊರಟೆ.

ಅಂದು ಮಾವನಿಗೆ ಸೋತು ಎರಡನೆಯವನಾಗಿದ್ದ ಆಟಗಾರ, ಹಿಂದೆ ಬೆಂಗಳೂರಿನ ಮೈದಾನದಲ್ಲಿ ಮಾವನ ಜೊತೆ ಚೀಲ ಹೊತ್ತವನು. ಈಗ ಅಲ್ಲೇ ಮಕ್ಕಳಿಗೆ ಆಟ ಕಲಿಸುತ್ತಿದ್ದ. ಮಾವ ಚೀಲ ಬಿಚ್ಚಿ ಕಪ್ಪನ್ನು ಅವನ ಮುಂದೆ ಇಟ್ಟು ತಲೆ ತಗ್ಗಿಸಿ ನಿಂತ. ಆ ಮನುಷ್ಯ ಕಪ್ಪನ್ನು ಮುಟ್ಟಲಿಲ್ಲ.

“ನಾನು ನೋಡಿದ್ದೆ ಕಣೋ ಅವತ್ತು” ಎಂದ. “ಚೆಂಡು ಸರಿದಿದ್ದು ನೋಡಿದ್ದೆ. ನೀನೇ ಹೇಳ್ತೀಯ ಅಂತ ಸುಮ್ಮನಿದ್ದೆ. ಸಂಜೆವರೆಗೆ ಕಾದೆ. ಆಮೇಲೂ ಕಾಯ್ತಾನೇ ಇದ್ದೆ.”

ಮಾವ ಅತ್ತುಬಿಟ್ಟ. ಆ ಮನುಷ್ಯ ಮಾವನ ಬಿಳಿ ಕೈ ಹಿಡಿದುಕೊಂಡು ಬೆಂಚಿನ ಮೇಲೆ ಕೂರಿಸಿದ. ಟೀ ತರಲು ಮಕ್ಕಳನ್ನು ಕಳಿಸಿದ. ಕಪ್ಪು ಅಲ್ಲೇ ಉಳಿಯಿತು.

ಚಳ್ಳಕೆರೆಗೆ ವಾಪಸ್ಸು ಬರುವಾಗ ಬಸ್ಸಿನ ಸೀಟಿನ ಮೇಲೆ ಮಾವ ಕಂಬಳಿ ಹಾಸಿಕೊಂಡು ಕೂತಿದ್ದ. ಎಷ್ಟೋ ವರ್ಷಗಳಿಂದ ಕಾಣದ ಹಗುರ ಅವನ ಮುಖದಲ್ಲಿತ್ತು. ಹಿರಿಯೂರು ದಾಟಿದ ಮೇಲೆ ಮೆಲ್ಲಗೆ ಕೇಳಿದ: “ನಿಮ್ ಸ್ಕೂಲ್ನಾಗೆ ನನ್ ವಿಷ್ಯ ಏನಾರ ಅಂದ್ರೇನವ್ವ? ನಿಂಗೆ ತೊಂದ್ರೆ ಆತಾ?”

“ಯಾರೂ ಕೇಳ್ಲೇ ಇಲ್ಲ ಮಾವ” ಎಂದೆ. ಕಂಬಳಿ ಅವನ ಕೆಳಗಿತ್ತು, ನನ್ನ ಕೆಳಗಿರಲಿಲ್ಲ.

ಹೋದ ವರ್ಷ ಮಾವ ತೀರಿಕೊಂಡ. ಗವಸು ಬಿಟ್ಟು ಬಹಳ ಕಾಲವಾಗಿತ್ತು. ಮಲಗಿಸಿದಾಗ ಎರಡು ಕೈಗಳೂ ಒಂದೇ ಬಣ್ಣಕ್ಕೆ ಬಂದಿದ್ದವು. ಅವ್ವ ಕಂಬಳಿಯನ್ನು ಝಾಡಿಸಿ ಮಡಚಿ ನನಗೆ ಕೊಟ್ಟಳು, ತಂದವಳು ನೀನೇ, ನೀನೇ ಇಟ್ಟುಕೋ ಎಂದು. ಅಂದಿನಿಂದ ಅದು ಬೀರುವಿನಲ್ಲಿತ್ತು. ಅದರ ಮೇಲೆ ಕೂರುವ ಧೈರ್ಯ ನನಗೆ ಬಂದಿರಲಿಲ್ಲ.

ಇವತ್ತು ಅದನ್ನು ಹಾಸಿ, ಅದರ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ರಾಂಪುರದ ಸ್ಟಾಫ್ ರೂಮಿನಲ್ಲಿ ನಾನು ಹೇಳಿದ್ದು ಸುಳ್ಳು. ಬಸ್ಸಿನಲ್ಲಿ ಹೇಳಿದ್ದೂ ಸುಳ್ಳು. ಅವನು ದೂರದ ಸಂಬಂಧವಲ್ಲ. ನಮ್ಮವ್ವನ ಒಡಹುಟ್ಟಿದ ತಮ್ಮ, ನನ್ನ ಸ್ವಂತ ಮಾವ.